ಇಬ್ಬರ ಸೈಕಲ್ ಪ್ರವಾಸದಲ್ಲಿ ಮಳೆಯ ದಿನ: ದಾವಣಗೆರೆ–ಚಿತ್ರದುರ್ಗ ದಾರಿಗೆ ಹಂತ ಹಂತದ ಮಾರ್ಗದರ್ಶಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಸುಮಾರು 60 ಕಿಲೋಮೀಟರ್. ಒಣ ದಿನದಲ್ಲಿ ಚೀಲ ಹೊತ್ತು ಹೊರಟರೂ ನಾಲ್ಕು ತಾಸಿನ ದಾರಿ. ಇದೇ ದಾರಿಯಲ್ಲಿ ಮಳೆಗೆ ಸಿಕ್ಕ ಜೋಡಿಗಳು ಅರ್ಧಕ್ಕೇ ಸೈಕಲ್ಲನ್ನು ಗೂಡ್ಸ್ ಆಟೊಗೆ ಹಾಕಿಕೊಂಡು ವಾಪಸ್ ಬರುವುದನ್ನು ಪ್ರತಿ ಮಳೆಗಾಲದಲ್ಲೂ ನೋಡುತ್ತಿದ್ದೇನೆ. ಏನಾಯ್ತು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಮಳೆ ಜೋರಾಯ್ತು." ಸ್ವಲ್ಪ ಕೆದಕಿದರೆ ಬೇರೆ ಸಂಗತಿ ಹೊರಬೀಳುತ್ತದೆ. ರೇನ್‌ಕೋಟ್ ಹಾಕಿದ್ದು ಅಂಗಿ ತೊಯ್ದ ಮೇಲೆ. ಚೀಲಕ್ಕೆ ಪ್ಲಾಸ್ಟಿಕ್ ಸುತ್ತಿದ್ದು ಒಳಗಿನ ಬಟ್ಟೆ ಒದ್ದೆಯಾದ ಮೇಲೆ. ನಿಲ್ಲೋಣ ಎಂದದ್ದು ಹಲ್ಲು ಕಟಕಟ ಎನ್ನಲು ಶುರುವಾದ ಮೇಲೆ. ಮಾಡಿದ ಕೆಲಸಗಳೆಲ್ಲ ಸರಿ, ಮಾಡಿದ ಹೊತ್ತು ತಪ್ಪು. ಅದಕ್ಕೇ ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇನೆ.

## 1. ಹಿಂದಿನ ರಾತ್ರಿ: ಮೊದಲು ಮಾತು, ಆಮೇಲೆ ಸಾಮಾನು

ಚೀಲ ಕಟ್ಟುವ ಮುಂಚೆ ಇಬ್ಬರೂ ಕೂತು ಮೂರು ಮಾತು ಮುಗಿಸಿಕೊಳ್ಳಬೇಕು. ಮಳೆಯಲ್ಲಿ ನಿಂತು, ಲಾರಿಗಳ ಸದ್ದಿನ ನಡುವೆ ಕೂಗಾಡುತ್ತ ಇವನ್ನು ತೀರ್ಮಾನಿಸಲು ಆಗುವುದಿಲ್ಲ.

ಮೊದಲನೆಯದು: ಒಬ್ಬರು "ನಿಲ್ಲೋಣ" ಎಂದರೆ ಇಬ್ಬರೂ ನಿಲ್ಲುವುದು. ಕಾರಣ ಕೇಳುವುದು ನಿಂತ ಮೇಲೆ. "ಇನ್ನೇನು ಐದೇ ಕಿಲೋಮೀಟ್ರು, ಬಾ" ಎಂಬ ಮಾತು ಜೋಡಿಗಳನ್ನು ಕೆಡಿಸಿದಷ್ಟು ಮಳೆ ಕೆಡಿಸಿಲ್ಲ. ಹೀಗೆ ಹೇಳುವವರು ಯಾವಾಗಲೂ ಇಬ್ಬರಲ್ಲಿ ಗಟ್ಟಿಯಾಗಿರುವವರೇ. ಬಳಲಿದವರು ನಾಚಿಕೆಗೆ ಸುಮ್ಮನಾಗುತ್ತಾರೆ. ಆದ್ದರಿಂದ ಗಟ್ಟಿಯಾಗಿರುವವರೇ ಮೊದಲು ಬಾಯಿಬಿಟ್ಟು "ನೀನು ಹೇಳಿದಾಗ ನಿಲ್ತೀನಿ" ಎಂದು ಒಪ್ಪಿಕೊಳ್ಳಬೇಕು.

ಎರಡನೆಯದು: ನಿಲ್ಲುವ ಜಾಗಗಳ ಹೆಸರು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೋಗುವುದಾದರೆ ಆನಗೋಡು, ಭರಮಸಾಗರ, ಸಿರಿಗೆರೆ ಕ್ರಾಸ್ ಎಂದು ಮೊದಲೇ ಗುರುತು ಹಾಕಿಕೊಳ್ಳಿ. ಮಳೆಯಲ್ಲಿ ಒಬ್ಬರಿಗೊಬ್ಬರು ಕಾಣದಾದರೆ ಮುಂದಿರುವವರು ಮುಂದಿನ ಗುರುತಿನ ಜಾಗದಲ್ಲಿ ಕಾಯಬೇಕು. ಹಿಂದೆ ತಿರುಗಿ ಹುಡುಕಲು ಹೋಗಬಾರದು. ನಡುವೆ ಡಿವೈಡರ್ ಇರುವ ಹೆದ್ದಾರಿಯಲ್ಲಿ ಹಿಂದಿರುಗುವುದೆಂದರೆ ಎದುರು ದಿಕ್ಕಿನಲ್ಲಿ ಸವಾರಿ ಮಾಡುವುದು. ಮಳೆಯಲ್ಲಿ ಅದು ಜೀವಕ್ಕೇ ಕುತ್ತು. ಜಾಗ ಮುಟ್ಟಿ 20 ನಿಮಿಷವಾದರೂ ಜೊತೆಗಾರರು ಬಾರದಿದ್ದರೆ ಫೋನು ಮಾಡಿ.

ಮೂರನೆಯದು: ಎಷ್ಟು ಗಂಟೆಗೆ ಎಲ್ಲಿರಬೇಕು, ಇರದಿದ್ದರೆ ಏನು ಮಾಡಬೇಕು. "ಮಧ್ಯಾಹ್ನ 12ರೊಳಗೆ ಭರಮಸಾಗರ ದಾಟಿರದಿದ್ದರೆ ಅಲ್ಲೇ ಮುಗಿಸಿ ಗಾಡಿ ಹಿಡಿಯುವುದು" ಎನ್ನುವಷ್ಟು ಖಚಿತವಾಗಿರಲಿ. ರೈಲನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. ಹಳಿ ಚಿಕ್ಕಜಾಜೂರನ್ನು ಸುತ್ತಿ ಹೋಗುತ್ತದೆ, ಹೆದ್ದಾರಿಯಲ್ಲಿ ಸಿಕ್ಕಿಬಿದ್ದವರಿಗೆ ಅದು ನೆರವಾಗದು. ಎರಡು ಸೈಕಲ್ ಹಿಡಿಸುವುದು ಗೂಡ್ಸ್ ಆಟೊ ಇಲ್ಲವೇ ಟಾಟಾ ಏಸ್‌ನಲ್ಲಿ. ಅದರ ಬಾಡಿಗೆಯಷ್ಟು ನಗದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಬೇರೆ ಇಡಿ.

ಇನ್ನು ಸಾಮಾನಿನ ಹಂಚಿಕೆ. ಪಂಪು, ಸ್ಪ್ಯಾನರ್, ಚೈನಿನ ಎಣ್ಣೆ ಇಬ್ಬರಿಗೂ ಸೇರಿ ಒಂದೇ ಸಾಕು. ಲೈಟು, ಸೀಟಿ, ಒಂದು ಟ್ಯೂಬು, ಒಣ ಅಂಗಿ, ಸ್ವಲ್ಪ ಹಣ ಮಾತ್ರ ಇಬ್ಬರ ಹತ್ತಿರವೂ ಇರಲೇಬೇಕು. ಎರಡರಲ್ಲಿ ಒಂದು ಫೋನನ್ನು ಆಫ್ ಮಾಡಿ ಒಳಗಿಡಿ. ಎರಡೂ ಒಟ್ಟಿಗೆ ನೆನೆದು ಸತ್ತರೆ ಕಷ್ಟ.

## 2. ಸೈಕಲ್ಲಿನ ತಯಾರಿ

ಇದಕ್ಕೆ ಅರ್ಧ ಗಂಟೆ ಸಾಕು. ಬ್ರೇಕ್ ರಬ್ಬರ್ ಸವೆದಿದ್ದರೆ ಹೊರಡುವ ಮುಂಚೆಯೇ ಬದಲಿಸಿ. ಮಳೆಯಲ್ಲಿ ರಿಮ್ಮಿಗಂಟಿದ ಮರಳು ರಬ್ಬರನ್ನು ಅರದಂತೆ ಉಜ್ಜುತ್ತದೆ. ಅರ್ಧ ಸವೆದ ರಬ್ಬರ್ ಎರಡು ಮಳೆಯ ದಿನಗಳಲ್ಲಿ ಖಾಲಿಯಾಗಿದ್ದನ್ನು ಕಂಡಿದ್ದೇನೆ. ಡಿಸ್ಕ್ ಬ್ರೇಕ್ ಇದ್ದವರಿಗೆ ಈ ತೊಂದರೆ ಕಡಿಮೆ, ಆದರೂ ಪ್ಯಾಡ್ ನೋಡಿಕೊಳ್ಳಬೇಕು.

ಟೈರಿನ ಗಾಳಿ ಒಣ ದಿನಕ್ಕಿಂತ ಸ್ವಲ್ಪ ಕಡಿಮೆ ಇರಲಿ. 70 ಪಿಎಸ್ಐ ಇಡುವವರು 60ಕ್ಕೆ ಇಳಿಸಿದರೆ ರಸ್ತೆಯ ಹಿಡಿತ ಹೆಚ್ಚುತ್ತದೆ. ತೀರಾ ಇಳಿಸಿದರೆ ಗುಂಡಿಗೆ ಬಿದ್ದಾಗ ರಿಮ್ಮು ಟ್ಯೂಬನ್ನು ಕಚ್ಚುತ್ತದೆ.

ಮಡ್‌ಗಾರ್ಡ್ ಇಲ್ಲದೆ ಮಳೆಯಲ್ಲಿ ಇಬ್ಬರು ಹೋಗಬಾರದು. ಒಬ್ಬರೇ ಹೋಗುವಾಗ ಬೆನ್ನಿಗಷ್ಟೇ ಕೆಸರು. ಇಬ್ಬರು ಹೋಗುವಾಗ ಮುಂದಿನ ಸೈಕಲ್ಲಿನ ಹಿಂಚಕ್ರ ಎರಚಿದ ನೀರು ಹಿಂದಿನವರ ಕಣ್ಣಿಗೆ, ಬಾಯಿಗೆ ಬೀಳುತ್ತದೆ. ಹಿಂದಿನ ಮಡ್‌ಗಾರ್ಡಿನ ತುದಿಗೆ ಹಳೆಯ ಪ್ಲಾಸ್ಟಿಕ್ ಬಾಟಲಿಯ ತುಂಡನ್ನು ಬಾಲದಂತೆ ಕಟ್ಟಿ. ಖರ್ಚಿಲ್ಲದ ಈ ಕೆಲಸಕ್ಕೆ ನಿಮ್ಮ ಜೊತೆಗಾರರು ದಿನವಿಡೀ ಋಣಿಯಾಗಿರುತ್ತಾರೆ.

ಚೈನಿಗೆ ಮಳೆಗಾಲದ ದಪ್ಪ ಎಣ್ಣೆ ಹಾಕಿ. ಹೊಲಿಗೆ ಯಂತ್ರದ ಎಣ್ಣೆ ತೆಳು, ಒಂದು ಗಟ್ಟಿ ಮಳೆಗೆ ತೊಳೆದುಹೋಗುತ್ತದೆ. ಬೇರೇನೂ ಸಿಗದಿದ್ದರೆ ಅದನ್ನೇ ಹಾಕಬಹುದು, ಆದರೆ ಪ್ರತಿ ಸಲ ನಿಂತಾಗಲೂ ಮತ್ತೆ ಬಿಡಬೇಕು.

## 3. ಚೀಲ ಕಟ್ಟುವ ಕ್ರಮ

ಮೇಲಿನ ಹೊದಿಕೆಯನ್ನು ನಂಬಬೇಡಿ, ಒಳಗಿನ ಪ್ಲಾಸ್ಟಿಕ್ ಚೀಲವನ್ನು ನಂಬಿ. ಹೊದಿಕೆಯ ಕೆಳಗಿಂದ ನೀರು ಬಂದೇ ಬರುತ್ತದೆ. ಬಟ್ಟೆಗೊಂದು, ಹಾಸಿಗೆಗೊಂದು, ಕಾಗದಪತ್ರ ಮತ್ತು ಔಷಧಿಗೊಂದು ಎಂದು ಮೂರು ಚೀಲ ಮಾಡಿ, ಗಾಳಿ ಹಿಂಡಿ, ಬಾಯಿ ತಿರುಚಿ ಮಡಚಿ ರಬ್ಬರ್ ಬ್ಯಾಂಡ್ ಹಾಕಿ. ಗೊಬ್ಬರದ ಚೀಲದೊಳಗೆ ಬರುವ ದಪ್ಪ ಪ್ಲಾಸ್ಟಿಕ್ಕನ್ನು ಚೆನ್ನಾಗಿ ತೊಳೆದು ಒಣಗಿಸಿದರೆ ಅಂಗಡಿಯ ದುಬಾರಿ ಚೀಲಕ್ಕಿಂತ ಗಟ್ಟಿ. ನಮ್ಮ ರೈತರು ಕೊಪ್ಪೆ ಮಾಡಿ ಹೊದೆಯುವುದೂ ಆ ಚೀಲವನ್ನೇ.

ರೇನ್‌ಕೋಟ್ ಎಲ್ಲಕ್ಕಿಂತ ಮೇಲೆ, ಚೀಲ ಬಿಚ್ಚದೆ ಕೈಗೆ ಸಿಗುವಂತೆ ಇರಬೇಕು. ರಾತ್ರಿಗೆ ಹಾಕುವ ಒಣ ಬಟ್ಟೆ ಎಲ್ಲಕ್ಕಿಂತ ಕೆಳಗೆ. ದಾರಿಯಲ್ಲಿ ಎಷ್ಟೇ ಚಳಿಯಾದರೂ ಆ ಕೆಳಗಿನ ಜೋಡಿಯನ್ನು ಹಾಕಿಕೊಂಡು ಮತ್ತೆ ಮಳೆಗಿಳಿಯಬೇಡಿ. ಅದು ಸವಾರಿ ಮುಗಿದ ಮೇಲೆ ಹಾಕುವುದಕ್ಕೆ.

ಕೊಡೆಯಂತೆ ಹರಡುವ ಪಾಂಚೋ ಬೇಡ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಆ ಗಾಳಿಗೆ ಪಾಂಚೋ ಹಾಯಿಯಾಗಿ ನಿಮ್ಮನ್ನು ಲಾರಿಯ ಕಡೆಗೆ ಎಳೆಯುತ್ತದೆ. ಮೈಗೆ ಹತ್ತಿರ ಕೂರುವ ಜಾಕೆಟ್, ತಲೆಗೆ ಹೆಲ್ಮೆಟ್ಟಿನೊಳಗೆ ಮುಂಚಾಚು ಇರುವ ತೆಳು ಟೋಪಿ ಇರಲಿ. ಜಾಕೆಟ್ಟಿನ ತಲೆಮುಸುಕು ಹಾಕಿಕೊಂಡರೆ ಹಿಂದಿನ ವಾಹನ ಕಾಣದು, ಸದ್ದೂ ಕೇಳದು.

## 4. ಬೆಳಿಗ್ಗೆ: ಹೊರಡುವುದೋ ಬಿಡುವುದೋ

ನಮ್ಮ ಕಡೆಯ ಮಳೆಯನ್ನು ಎರಡು ಥರ ಮಾಡಿ ನೋಡಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿಯ ಜೊತೆ ಬರುವ ತುಂತುರು. ಪಶ್ಚಿಮ ಘಟ್ಟ ದಾಟಿ ಇಲ್ಲಿಗೆ ಬರುವಷ್ಟರಲ್ಲಿ ಮೋಡ ಬಹುಪಾಲು ಬರಿದಾಗಿರುತ್ತದೆ, ಗಾಳಿ ಮಾತ್ರ ಉಳಿದಿರುತ್ತದೆ. ಈ ಮಳೆಯಲ್ಲಿ ದಿನವಿಡೀ ಸವಾರಿ ಮಾಡಬಹುದು. ಆದರೆ ಒಂದು ಲೆಕ್ಕ ಮರೆಯಬೇಡಿ: ದಾವಣಗೆರೆಯಿಂದ ಚಿತ್ರದುರ್ಗ ಆಗ್ನೇಯಕ್ಕಿದೆ. ಹೋಗುವಾಗ ಗಾಳಿ ಬೆನ್ನ ಕಡೆಯಿಂದ ತಳ್ಳುತ್ತದೆ, ಬರುವಾಗ ಎದೆಗೆ ಬಡಿಯುತ್ತದೆ. ಹೋಗುವಾಗ ನಾಲ್ಕು ತಾಸು ಹಿಡಿಯಿತೆಂದು ಬರುವುದಕ್ಕೂ ನಾಲ್ಕೇ ತಾಸು ಇಟ್ಟುಕೊಂಡವರೆಲ್ಲ ಕತ್ತಲಲ್ಲಿ ಊರು ಸೇರಿದ್ದಾರೆ. ವಾಪಸಿಗೆ ಆರು ತಾಸು ಇಡಿ.

ಉತ್ತರೆ, ಹಸ್ತ, ಚಿತ್ತೆ ಮಳೆಗಳದು, ಎಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೂರನೇ ವಾರದವರೆಗಿನದು, ಬೇರೆ ಸ್ವಭಾವ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಧಗೆ, ಇಳಿಹೊತ್ತಿಗೆ ಗುಡುಗು ಸಿಡಿಲಿನ ಮಳೆ. ಈ ದಿನಗಳಲ್ಲಿ ಬೆಳಕು ಹರಿಯುತ್ತಲೇ ಹೊರಟು ಮಧ್ಯಾಹ್ನ 1ರೊಳಗೆ ಸವಾರಿ ಮುಗಿಸಬೇಕು. ತಿಂಡಿಗೆಂದು ಕೂತು ಬೆಣ್ಣೆ ದೋಸೆಯ ಸಾಲಿನಲ್ಲಿ 9 ಗಂಟೆ ಮಾಡಿಕೊಂಡರೆ ದಿನ ಅಲ್ಲಿಗೇ ಕೆಟ್ಟಿತು. ದೋಸೆಯನ್ನು ವಾಪಸ್ ಬಂದ ದಿನಕ್ಕೆ ಇಟ್ಟುಕೊಳ್ಳಿ.

ಹವಾಮಾನ ಇಲಾಖೆಯ ಬಣ್ಣದ ಎಚ್ಚರಿಕೆಗಳಿಗೆ ನಾನು ಪಾಲಿಸುವ ನಿಯಮ ಇಷ್ಟೇ: ಹಳದಿ ಇದ್ದರೆ ಅರ್ಧ ದಿನದ ಸವಾರಿ, ಕಿತ್ತಳೆ ಇದ್ದರೆ ಮನೆ. ಇಲಾಖೆಯ ಲೆಕ್ಕದಲ್ಲಿ ಭಾರೀ ಮಳೆ ಎಂದರೆ 24 ಗಂಟೆಗೆ 64.5 ಮಿಲಿಮೀಟರ್‌ನಿಂದ ಮೇಲೆ. ಬಯಲುಸೀಮೆಯ ಹಳ್ಳಗಳು ಉಕ್ಕಲು ಅಷ್ಟು ಬೇಕಾದಷ್ಟಾಯಿತು.

## 5. ಮೊದಲ ಹನಿಯಿಂದ ಹತ್ತು ನಿಮಿಷ

ಹೆಚ್ಚಿನವರು ಸೋಲುವುದು ಇಲ್ಲಿಯೇ. ಎದುರಿಗೆ ಮಳೆಯ ಪರದೆ ಕಾಣುತ್ತದೆ, ಮಣ್ಣಿನ ವಾಸನೆ ಬರುತ್ತದೆ, ತಣ್ಣನೆಯ ಗಾಳಿ ಒಮ್ಮೆಲೇ ಬೀಸುತ್ತದೆ. ಆಗಲೇ ನಿಲ್ಲಬೇಕು. ಮೊದಲ ಹನಿಗೆ ಕಾಯಬಾರದು. ನಿಂತು ಕ್ರಮವಾಗಿ ಹೀಗೆ ಮಾಡಿ: ಫೋನು ಪ್ಲಾಸ್ಟಿಕ್ಕಿಗೆ, ಚೀಲಕ್ಕೆ ಹೊದಿಕೆ, ಲೈಟು ಎರಡೂ ಕಡೆ ಆನ್, ಕೊನೆಗೆ ಜಾಕೆಟ್. ಜಾಕೆಟ್ ಮೊದಲು ಹಾಕಿದರೆ ಉಳಿದ ಕೆಲಸ ಮಾಡುವಷ್ಟರಲ್ಲಿ ಬೆವೆತು ಒಳಗಿಂದಲೇ ಒದ್ದೆಯಾಗುತ್ತೀರಿ. ಒಬ್ಬರು ಎರಡೂ ಸೈಕಲ್ ಹಿಡಿದು ನಿಲ್ಲಿ, ಇನ್ನೊಬ್ಬರು ಎರಡೂ ಚೀಲ ಮುಚ್ಚಿ. ಅಭ್ಯಾಸವಾದರೆ ಎರಡೇ ನಿಮಿಷದ ಕೆಲಸ.

ಒಣ ದಿನಗಳ ನಂತರ ಬಿದ್ದ ಮಳೆಯಾದರೆ ಮೊದಲ ಕಾಲು ಗಂಟೆ ರಸ್ತೆ ಅತಿ ಜಾರು. ರಸ್ತೆಯ ಮೇಲಿನ ಎಣ್ಣೆ, ಡೀಸೆಲ್, ಧೂಳು ನೀರಿನಲ್ಲಿ ತೇಲಿ ಸಾಬೂನಿನಂತಾಗುತ್ತದೆ. ಅಷ್ಟು ಹೊತ್ತು ಚಹಾ ಅಂಗಡಿಯಲ್ಲಿ ನಿಂತರೆ ನಷ್ಟವಿಲ್ಲ.

## 6. ಮಳೆಯಲ್ಲಿ ಓಡಿಸುವ ರೀತಿ

ಅಕ್ಕಪಕ್ಕ ಬೇಡ, ಒಬ್ಬರ ಹಿಂದೆ ಒಬ್ಬರು. ನಡುವೆ ಐದಾರು ಸೈಕಲ್ ಉದ್ದದ ಅಂತರ. ಒಣ ದಿನದಲ್ಲಿ ಮುಂದಿನವರ ಬೆನ್ನಿಗಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವ ಚಟವನ್ನು ಮಳೆಯಲ್ಲಿ ಬಿಡಬೇಕು. ನಿಧಾನದವರು ಮುಂದೆ ಇರಲಿ. ವೇಗ ಅವರದು, ಹಿಂಬದಿಯ ಕಾವಲು ಗಟ್ಟಿಯಾಗಿರುವವರದು.

ಬ್ರೇಕನ್ನು ಎರಡು ಸಲ ಹಿಡಿಯುವುದು ರೂಢಿ ಮಾಡಿಕೊಳ್ಳಿ. ಒದ್ದೆ ರಿಮ್ಮಿನ ಮೇಲೆ ಮೊದಲ ಒಂದೆರಡು ಸುತ್ತು ಬ್ರೇಕ್ ಹತ್ತುವುದೇ ಇಲ್ಲ, ನೀರು ಒರೆಸುವುದಷ್ಟೇ ಆಗುತ್ತದೆ. ಹಾಗಾಗಿ ಮೊದಲು ಹಗುರವಾಗಿ ಒರೆಸಿ, ಆಮೇಲೆ ನಿಜವಾದ ಬ್ರೇಕ್ ಹಿಡಿಯಿರಿ. ಇಳಿಜಾರಿನಲ್ಲಂತೂ ಮೊದಲಿಂದಲೇ ಹಗುರವಾಗಿ ಹಿಡಿದಿರಿ. ತಿರುವಿನಲ್ಲಿ ಸೈಕಲ್ ವಾಲಿದಾಗ ಬ್ರೇಕ್ ಹಿಡಿಯಲೇಬೇಡಿ, ತಿರುವಿಗೆ ಮುಂಚೆಯೇ ವೇಗ ಇಳಿಸಿ.

ಬಿಳಿ ಹಳದಿ ಬಣ್ಣದ ಪಟ್ಟೆಗಳು, ಸೇತುವೆಯ ಕಬ್ಬಿಣದ ಜೋಡಣೆ, ಕಾಮನಬಿಲ್ಲಿನಂತೆ ಹೊಳೆಯುವ ಡೀಸೆಲ್ ಕಲೆ, ಇವುಗಳ ಮೇಲೆ ನೇರವಾಗಿ, ಪೆಡಲ್ ತುಳಿಯದೆ ದಾಟಿ. ಅಕ್ಟೋಬರ್, ನವೆಂಬರ್‌ನಲ್ಲಿ ಸರ್ವಿಸ್ ರಸ್ತೆಯ ಮೇಲೆ ಒಣಹಾಕಿದ ಮೆಕ್ಕೆಜೋಳ ನಮ್ಮ ಜಿಲ್ಲೆಯ ವಿಶೇಷ ಅಪಾಯ. ಮಳೆ ಬಂತೆಂದು ರೈತರು ರಾಶಿಯನ್ನು ತಾಡಪತ್ರಿಯಡಿ ಸೇರಿಸುತ್ತಾರೆ, ಆದರೆ ಚೆಲ್ಲಿದ ಕಾಳು ರಸ್ತೆಯಲ್ಲೇ ಉಳಿದಿರುತ್ತದೆ. ಒದ್ದೆ ಕಾಳಿನ ಮೇಲೆ ಚಕ್ರ ಹೋದರೆ ಗುಂಡು ಹಾಸಿದ ನೆಲದ ಮೇಲೆ ಹೋದಂತೆ. ಇಳಿದು ತಳ್ಳಿಕೊಂಡು ಹೋಗಿ. ಅದು ಅವರ ವರ್ಷದ ದುಡಿಮೆ, ರಾಶಿಯ ಮೇಲೆ ಚಕ್ರ ಹತ್ತಿಸಬೇಡಿ.

ನೀರು ನಿಂತ ಜಾಗದ ಆಳ ಯಾರಿಗೂ ಗೊತ್ತಾಗದು. ಮುಂದಿನವರು ಗುಂಡಿ ಕಂಡ ಕೂಡಲೇ ಕೈಸನ್ನೆ ಮಾಡಬೇಕು. ಕೂಗಿದರೆ ಮಳೆಯ ಸದ್ದಿನಲ್ಲಿ ಕೇಳಿಸದು. ಸೀಟಿ ಒಂದು ಸಲ ಊದಿದರೆ "ನಿಧಾನ", ಎರಡು ಸಲ ಊದಿದರೆ "ನಿಲ್ಲು" ಎಂದು ಇಟ್ಟುಕೊಳ್ಳಿ.

## 7. ಎರೆಮಣ್ಣು, ಹಳ್ಳ, ಅಂಡರ್‌ಪಾಸ್

ಹೆದ್ದಾರಿಯ ಲಾರಿ ತಪ್ಪಿಸಲು ಹೊಲದ ದಾರಿ ಹಿಡಿಯುವ ಆಸೆ ಎಲ್ಲರಿಗೂ ಬರುತ್ತದೆ. ಕೆಂಪು ಮಣ್ಣಿನ ದಾರಿಯಾದರೆ ನಿಧಾನವಾಗಿ ಹೋಗಬಹುದು. ಕಪ್ಪು ಎರೆಮಣ್ಣಾದರೆ ಮಳೆ ಬಿದ್ದ ಮೇಲೆ ಒಂದು ಹೆಜ್ಜೆಯೂ ಇಡಬೇಡಿ. ನಾನೂ ನನ್ನ ತಮ್ಮನೂ ಜಗಳೂರು ಕಡೆ ಒಮ್ಮೆ ಹೀಗೆ ಎರಡು ಕಿಲೋಮೀಟರ್ ಉಳಿಸಲು ಹೋಗಿ ಒಂದೂವರೆ ತಾಸು ಕಳೆದೆವು. ನೂರು ಮೀಟರಿಗೆ ಚಕ್ರ ಮತ್ತು ಮಡ್‌ಗಾರ್ಡಿನ ನಡುವೆ ಮಣ್ಣು ಗಚ್ಚಿನಂತೆ ತುಂಬಿ ಚಕ್ರ ತಿರುಗುವುದೇ ನಿಂತಿತು. ತಳ್ಳಲೂ ಆಗದು, ಹೊರಲು ಹೋದರೆ ಸೈಕಲ್ಲಿನ ತೂಕದ ಮೇಲೆ ಮಣ್ಣಿನ ತೂಕ. ಸಿಕ್ಕಿಬಿದ್ದರೆ ಪೆಡಲ್ ತುಳಿದು ಜಗ್ಗಾಡಬೇಡಿ, ಗೇರಿನ ಕೊಂಡಿ ಮುರಿಯುತ್ತದೆ. ಚೀಲ ಬಿಚ್ಚಿ, ಕಡ್ಡಿಯಿಂದ ಮಣ್ಣು ಕೆರೆದು, ಬಂದ ದಾರಿಯಲ್ಲೇ ಹುಲ್ಲಿನ ಅಂಚು ಹಿಡಿದು ಹಿಂದಿರುಗಿ.

ರಸ್ತೆಯ ಮೇಲೆ ಹರಿಯುವ ಹಳ್ಳದ ವಿಷಯದಲ್ಲಿ ಎರಡು ಮಾತಿಲ್ಲ. 15 ಸೆಂಟಿಮೀಟರ್ ಆಳದ ರಭಸದ ನೀರು ನಿಂತ ಮನುಷ್ಯನ ಕಾಲನ್ನೇ ಕೀಳಬಲ್ಲದು. ಟ್ರ್ಯಾಕ್ಟರ್ ದಾಟಿತೆಂದು ಸೈಕಲ್ ದಾಟಿಸಬಾರದು. ನೀರು ಕೆಂಪಾಗಿ, ಕಸಕಡ್ಡಿ ಹೊತ್ತು ಬರುತ್ತಿದ್ದರೆ ಮೇಲ್ಗಡೆ ಇನ್ನೂ ಮಳೆಯಾಗುತ್ತಿದೆ, ಮಟ್ಟ ಏರಲಿದೆ ಎಂದರ್ಥ. ಇಳಿಯುವವರೆಗೆ ಕಾಯಿರಿ, ಇಲ್ಲವೇ ಹಿಂದಿರುಗಿ. ಹೆದ್ದಾರಿ ಮತ್ತು ರೈಲು ಹಳಿಯ ಅಂಡರ್‌ಪಾಸ್‌ಗಳಲ್ಲಿ ನಿಂತ ನೀರಿಗೂ ಇದೇ ನಿಯಮ.

## 8. ಗುಡುಗಿದಾಗ

ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. 30ಕ್ಕಿಂತ ಕಡಿಮೆ ಬಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಕೂಡಲೇ ಗಟ್ಟಿ ಕಟ್ಟಡ ಸೇರಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಬರಬಾರದು. ಮಳೆ ನಿಂತಿತೆಂಬುದು ಲೆಕ್ಕಕ್ಕಿಲ್ಲ.

ಬಯಲಿನಲ್ಲಿ ಒಂಟಿ ಹುಣಸೆ ಮರವೋ ಬೇವಿನ ಮರವೋ ಕಂಡರೆ ಕಾಲು ತಾನಾಗಿ ಅತ್ತ ಹೋಗುತ್ತದೆ. ಸಿಡಿಲಿಗೆ ಹೆಚ್ಚು ಜನ ಬಲಿಯಾಗುವುದು ಹಾಗೆ ಮರದಡಿ ನಿಂತೇ. ತಗಡಿನ ಬಸ್ ನಿಲ್ದಾಣ, ಗಾಳಿಯಂತ್ರದ ಬುಡ, ವಿದ್ಯುತ್ ಕಂಬದ ಪಕ್ಕ, ಕೆರೆಯ ಏರಿ, ಇವೂ ಬೇಡ. ಶಾಲೆ, ಸಮುದಾಯ ಭವನ, ದೇವಸ್ಥಾನದ ಒಳಗಣ, ಪೆಟ್ರೋಲ್ ಬಂಕಿನ ಕಚೇರಿ, ಇಲ್ಲವೇ ಗಾಜು ಏರಿಸಿದ ಕಾರು ಸರಿ. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಸುತ್ತಲಿನ ಸಿಡಿಲನ್ನು ತೋರಿಸುತ್ತದೆ, ಹೊರಡುವ ಮುಂಚೆಯೇ ಹಾಕಿಕೊಳ್ಳಿ. ಏನೂ ಸಿಗದೆ ಬಯಲಲ್ಲೇ ಸಿಕ್ಕಿಬಿದ್ದರೆ ಸೈಕಲ್ ಬಿಟ್ಟು, ತಗ್ಗಿನ ಜಾಗದಲ್ಲಿ, ಇಬ್ಬರೂ ಹತ್ತಾರು ಮೀಟರ್ ದೂರ ದೂರ, ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ. ದೂರ ಕೂರುವುದು ಏಕೆಂದರೆ ಒಬ್ಬರಿಗೆ ಪೆಟ್ಟಾದರೆ ಇನ್ನೊಬ್ಬರು ನೆರವಿಗೆ ಉಳಿದಿರಬೇಕು.

## 9. ಚಳಿ: ಜೊತೆಗಾರರಲ್ಲಿ ನೋಡಬೇಕಾದ ಲಕ್ಷಣ

ಬಯಲುಸೀಮೆಯಲ್ಲಿ ಎಂಥ ಚಳಿ ಎನ್ನಬೇಡಿ. 22 ಡಿಗ್ರಿಯಲ್ಲೂ ಒದ್ದೆ ಮೈ, ಗಾಳಿ, ಖಾಲಿ ಹೊಟ್ಟೆ ಮೂರೂ ಸೇರಿದರೆ ದೇಹದ ಕಾವು ಇಳಿಯುತ್ತದೆ. ಇಳಿಯುತ್ತಿರುವುದು ಇಳಿದವರಿಗೇ ತಿಳಿಯುವುದಿಲ್ಲ. ಇಬ್ಬರಿರುವುದರ ದೊಡ್ಡ ಲಾಭ ಇಲ್ಲಿದೆ, ಅದನ್ನು ಬಳಸಿಕೊಳ್ಳಬೇಕು.

ನನ್ನ ತಮ್ಮ ಸೈಕಲ್ ಮೇಲೂ ಬಾಯಿ ಮುಚ್ಚದವನು. ಒಂದು ಆಷಾಢದಲ್ಲಿ ಸಿರಿಗೆರೆ ಕ್ರಾಸ್ ಹತ್ತಿರ ಅವನು ಸುಮ್ಮನಾದ. ದಣಿದಿದ್ದಾನೆ ಎಂದುಕೊಂಡೆ. ನಿಂತಾಗ ಬಿಸ್ಕತ್ತಿನ ಪೊಟ್ಟಣ ಹರಿಯಲು ಅವನ ಬೆರಳಿಗೆ ಆಗಲಿಲ್ಲ. "ಅಣ್ಣ, ನಂಗೇನ್ ಆಗಿಲ್ಲ" ಎಂದ ಮಾತು ತೊದಲುತ್ತಿತ್ತು. ಆಗ ಭಯವಾಯಿತು. ಅರ್ಧ ತಾಸು ಮುಂಚೆಯೇ ನಾನು ನಿಲ್ಲಿಸಬೇಕಿತ್ತು.

ಅಂದಿನಿಂದ ಅರ್ಧ ತಾಸಿಗೊಮ್ಮೆ ಒಬ್ಬರನ್ನೊಬ್ಬರು ಮಾತಾಡಿಸುತ್ತೇವೆ. ಉತ್ತರ ತಡವಾಗಿ ಬಂದರೆ, ಬೆರಳು ಬ್ರೇಕ್ ಹಿಡಿಯಲಾರದಾದರೆ, ವಿನಾಕಾರಣ ಸಿಡುಕು ಬಂದರೆ, ಸೈಕಲ್ ನೇರ ಹೋಗದಿದ್ದರೆ ಸವಾರಿ ಅಲ್ಲಿಗೆ ಮುಗಿಯಿತು. ನಡುಗುತ್ತಿದ್ದವರ ನಡುಕ ಬೆಚ್ಚಗಾಗದೆಯೇ ನಿಂತರೆ ಅದು ಗುಣವಲ್ಲ, ಇನ್ನೂ ದೊಡ್ಡ ಅಪಾಯ. ನೇರ ಆಸ್ಪತ್ರೆಗೆ ಕರೆದೊಯ್ಯಬೇಕು. ಮೊದಲ ಲಕ್ಷಣಗಳಿಗೆ ಮಾಡಬೇಕಾದ ಕ್ರಮ: ಗಾಳಿ ಮರೆ, ಒದ್ದೆ ಅಂಗಿ ತೆಗೆದು ಮೈ ಒರೆಸುವುದು, ಒಣ ಅಂಗಿ ಮತ್ತು ತಲೆಗೆ ಬಟ್ಟೆ, ಆಮೇಲೆ ಸಕ್ಕರೆ ಹಾಕಿದ ಬಿಸಿ ಚಹಾ ಅಥವಾ ಹಾಲು. ಒದ್ದೆ ಅಂಗಿಯಲ್ಲೇ ಕೂರಿಸಿ ಚಹಾ ಕುಡಿಸುವುದು ಎಲ್ಲರೂ ಮಾಡುವ ತಪ್ಪು. ಕುಣಿಸಿ ಓಡಿಸಿ ಬೆಚ್ಚಗೆ ಮಾಡಲು ಹೋಗಬೇಡಿ. ಮದ್ಯವಂತೂ ಕಾವನ್ನು ಇನ್ನಷ್ಟು ಇಳಿಸುತ್ತದೆ.

ಇದು ಬಾರದಂತೆ ತಡೆಯುವುದು ಹೊಟ್ಟೆ. ಮಳೆಯಲ್ಲಿ ಬಾಯಾರಿಕೆ, ಹಸಿವು ಗೊತ್ತಾಗುವುದಿಲ್ಲ. ತಾಸಿಗೊಮ್ಮೆ ಶೇಂಗಾ ಚಿಕ್ಕಿ, ಬಾಳೆಹಣ್ಣು, ಬೆಲ್ಲ ಏನಾದರೂ ತಿನ್ನಿ. ಮಂಡಕ್ಕಿ ಮೆಣಸಿನಕಾಯಿಗೆ ನಿಂತರೆ ಕಾಲು ಗಂಟೆಯಲ್ಲಿ ಎದ್ದುಬಿಡಿ, ಮೈ ತಣ್ಣಗಾದ ಮೇಲೆ ಮತ್ತೆ ಹೊರಡುವುದು ಬಹಳ ಕಷ್ಟ.

## 10. ಮಳೆಯಲ್ಲಿ ಪಂಚರ್

ಮಳೆಯ ದಿನ ಪಂಚರ್ ಹೆಚ್ಚು. ನೀರು ಗಾಜು, ಜಾಲಿ ಮುಳ್ಳನ್ನು ರಸ್ತೆಯ ಅಂಚಿಗೆ ತರುತ್ತದೆ, ಒದ್ದೆ ರಬ್ಬರಿಗೆ ಅವು ಸುಲಭವಾಗಿ ಇಳಿಯುತ್ತವೆ. ದಾರಿಯಲ್ಲಿ ಪ್ಯಾಚ್ ಹಚ್ಚಲು ಕೂರಬೇಡಿ, ಒದ್ದೆ ಟ್ಯೂಬಿಗೆ ಸೊಲ್ಯೂಷನ್ ಹಿಡಿಯದು. ಟ್ಯೂಬನ್ನೇ ಬದಲಿಸಿ, ತೂತಾದದ್ದನ್ನು ರಾತ್ರಿ ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ ಹಚ್ಚಿ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಒರೆಸಿ ನೋಡಲೇಬೇಕು. ಅವಸರದಲ್ಲಿ ಮುಳ್ಳು ಒಳಗೇ ಬಿಟ್ಟು ಐದು ನಿಮಿಷದಲ್ಲಿ ಎರಡನೇ ಟ್ಯೂಬನ್ನೂ ಕಳೆದುಕೊಳ್ಳುವುದು ಸಾಮಾನ್ಯ. ತೆಳುವಾದ ಪ್ರೆಸ್ಟಾ ವಾಲ್ವಿನ ಟ್ಯೂಬು ಹಳ್ಳಿಯ ಸೈಕಲ್ ಅಂಗಡಿಯಲ್ಲಿ ಸಿಗುತ್ತದೆಂದು ನೆಚ್ಚಿಕೊಳ್ಳಬೇಡಿ.

ಒಬ್ಬರು ಚಕ್ರ ಬಿಚ್ಚುವಾಗ ಇನ್ನೊಬ್ಬರು ಲೈಟು ಹಿಡಿದು ಬರುವ ವಾಹನಗಳ ಕಡೆ ಮುಖ ಮಾಡಿ ನಿಲ್ಲಬೇಕು. ಇಬ್ಬರೂ ಬಗ್ಗಿ ಕೂರಬೇಡಿ.

## 11. ಸಂಜೆ, ಲಾಡ್ಜ್‌ನಲ್ಲಿ

ಚಿತ್ರದುರ್ಗ ಸೇರಿದ ಖುಷಿಯಲ್ಲಿ ನೇರ ಕೋಟೆಗೆ ಹೋಗಬೇಡಿ. ಒದ್ದೆ ಬಂಡೆ, ಸವೆದ ಮೆಟ್ಟಿಲು, ದಣಿದ ಕಾಲು ಮೂರೂ ಒಟ್ಟಿಗೆ ಬೇಡ. ಸೈಕಲ್ ಬೂಟಿನ ಕೆಳಗಿನ ಕ್ಲೀಟ್ ಕಲ್ಲಿನ ಮೇಲೆ ನಿಲ್ಲುವುದೇ ಇಲ್ಲ.

ಮೊದಲ ಕೆಲಸ ನಿಮ್ಮ ಮೈ: ಬಿಸಿನೀರು, ಒಣ ಬಟ್ಟೆ, ಊಟ. ಎರಡನೆಯದು ಸೈಕಲ್, ಮಲಗುವ ಮುಂಚೆಯೇ. ಬೆಳಿಗ್ಗೆಗೆ ಬಿಟ್ಟರೆ ಚೈನಿನ ಮೇಲೆ ಕೆಂಪು ತುಕ್ಕು ಕಾಣುತ್ತದೆ. ಮಗ್ಗಿನಲ್ಲಿ ನೀರು ಸುರಿದು ಮರಳು ತೊಳೆಯಿರಿ. ಬೈಕ್ ತೊಳೆಯುವ ಜೋರು ಪೈಪಿಗೆ ಹಿಡಿಯಬೇಡಿ, ಬೇರಿಂಗಿನ ಗ್ರೀಸ್ ಹೋಗುತ್ತದೆ. ಚೈನನ್ನು ಹಳೆ ಬಟ್ಟೆಯಲ್ಲಿ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ. ಬ್ರೇಕ್ ರಬ್ಬರಿನಲ್ಲಿ ಚುಚ್ಚಿಕೊಂಡ ಹರಳನ್ನು ಪಿನ್ನಿನಿಂದ ಕೀಳಿ.

ಒದ್ದೆ ಬಟ್ಟೆಯನ್ನು ಒಣ ಟವೆಲ್ಲಿನಲ್ಲಿ ಸುತ್ತಿ ಹಿಂಡಿ ಫ್ಯಾನಿನಡಿ ಹರಡಿ. ಬೂಟಿನೊಳಗೆ ಹಳೆ ಪತ್ರಿಕೆ ಉಂಡೆ ಕಟ್ಟಿ ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ. ಕೌಂಟರಿನಲ್ಲಿ ಕೇಳಿದರೆ ಹಿಂದಿನ ದಿನದ ಪತ್ರಿಕೆ ಬೇಡ ಎನ್ನುವುದಿಲ್ಲ. ತೊಡೆಯ ಸಂದಿ ಉಜ್ಜಿ ಕೆಂಪಾಗಿದ್ದರೆ ತೊಳೆದು, ಪೂರ್ತಿ ಒಣಗಿಸಿ ಕೊಬ್ಬರಿ ಎಣ್ಣೆ ಹಚ್ಚಿ.

ಕೊನೆಗೆ ನಾಳೆಯ ಮಾತು. ದೀಪ ಆರಿಸುವ ಮುಂಚೆ ಮೊದಲ ಹಂತದ ಮೂರು ಮಾತುಗಳನ್ನು ವಾಪಸಿನ ದಾರಿಗೆ ಮತ್ತೆ ಆಡಿಕೊಳ್ಳಿ. ಈ ಸಲ ನಿಲ್ಲುವ ಜಾಗಗಳು ತಿರುವುಮುರುವು, ಗಾಳಿ ಎದುರು, ಹೊರಡುವ ಹೊತ್ತು ಒಂದು ತಾಸು ಮುಂಚೆ.